ನಾನ್-ಕಂಪೀಟ್‌ಗೆ ಸಹಿ ಕೇಳಿದರೆ

ಕೆಲಸಕ್ಕೆ ಸೇರಿ ಎರಡು ವರ್ಷವಾದ ಮೇಲೆ ಎಚ್‌ಆರ್‌ ಮೇಲ್ ಬಂತು: ಕಂಪನಿ ಬಿಟ್ಟ ನಂತರ ಒಂದು ವರ್ಷ ಪ್ರತಿಸ್ಪರ್ಧಿಗಳ ಬಳಿ ಕೆಲಸ ಮಾಡುವುದಿಲ್ಲ ಅಂತ ಶುಕ್ರವಾರದೊಳಗೆ ಸಹಿ ಹಾಕಿ. ನಾನಾಗ ಎಂಜಿನಿಯರ್. ಓದದೇ ಹಾಕಿದೆ. ಆಮೇಲೆ ಬಂದ ಒಳ್ಳೆ ಆಫರ್ ಒಂದನ್ನು ಅದೇ ಹೆದರಿಕೆಗೆ ಬಿಟ್ಟೆ.

ಹೆದರಬೇಕಿರಲಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಕಾನೂನುಬದ್ಧ ವೃತ್ತಿ, ವ್ಯಾಪಾರ ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ. ವ್ಯಾಪಾರವನ್ನು ಗುಡ್‌ವಿಲ್ ಸಮೇತ ಮಾರಿದವರಿಗೆ ಮಾತ್ರ ಅಲ್ಲಿ ಬೇರೆ ನಿಯಮ. ನಾವು ಸಂಬಳದವರು, ಮಾರಿದ್ದೇನು? ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಕರಾರು ಮುಗಿದ ಮೇಲೂ ಮುಂದುವರಿಯುವ ನಿರ್ಬಂಧ ನಿಲ್ಲುವುದಿಲ್ಲ.

ಹಾಗಂತ ಇಡೀ ಕಾಗದ ರದ್ದಿಯಲ್ಲ. ಕೆಲಸದಲ್ಲಿರುವಾಗಲೇ ಪ್ರತಿಸ್ಪರ್ಧಿಗೆ ದುಡಿಯಬಾರದು ಎಂಬ ಷರತ್ತನ್ನು ಕೋರ್ಟ್ 1967ರ ಗೋಲಿಕರಿ ಪ್ರಕರಣದಲ್ಲೇ ಒಪ್ಪಿದೆ. ಕಂಪನಿಯ ಗುಟ್ಟು ಹೊತ್ತೊಯ್ದರೂ ಸಿಕ್ಕಿಬೀಳುತ್ತೀರಿ. ಬಾಂಡ್ ಬೇರೆಯೇ ವಿಷಯ. ಮೂರು ವರ್ಷ ತುಂಬುವ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು.

ನಿಜವಾದ ಹಿಡಿತ ಇರೋದು ಕೋರ್ಟಿನ ಹೊರಗೆ. ರಿಲೀವಿಂಗ್ ಲೆಟರ್ ತಡೆಹಿಡಿಯಬಹುದು, ಹೊಸ ಕಂಪನಿಗೆ ವಕೀಲರ ನೋಟಿಸ್ ಹೋಗಬಹುದು. ಅಲ್ಲಿನವರು 'ಯಾಕಪ್ಪಾ ಈ ತಲೆನೋವು' ಅಂದುಕೊಂಡರೆ ನಿಮ್ಮ ಆಫರ್ ಅಲ್ಲಿಗೇ ಮುಗೀತು. ಅದಕ್ಕೇ ಸಹಿಗೆ ಮೊದಲು ಕಾರ್ಮಿಕ ವಕೀಲರೊಬ್ಬರಿಗೆ ತೋರಿಸಿ; 'ಬಿಟ್ಟ ನಂತರ' ಎಂಬ ಸಾಲು ತೆಗೆಯಿರಿ ಅಂತ ಎಚ್‌ಆರ್‌ಗೆ ಮೇಲ್‌ನಲ್ಲೇ ಕೇಳಿ. ಬಾಯಿಮಾತಲ್ಲಿ ಬೇಡ.