ಅಂಬೆಯ ತಪ್ಪೇನು?

ಮಳೆಗಾಲ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬಯಲಾಟಕ್ಕೆ ಬಿಡುವು, ತಾಳಮದ್ದಲೆಗೆ ಸುಗ್ಗಿ. ದೇವಸ್ಥಾನದ ಚಂದ್ರಶಾಲೆಯಲ್ಲೋ ಯಾರದೋ ಮನೆಯ ಜಗುಲಿಯಲ್ಲೋ ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಮಾತು ಬೆಳೆಸುತ್ತಾರೆ. ಹಾಗೆ ನಾವೆಲ್ಲ ಕೇಳಿ ಬೆಳೆದ ಪ್ರಸಂಗಗಳಲ್ಲಿ ‘ಭೀಷ್ಮ ವಿಜಯ’ವೂ ಒಂದು. ಹೆಸರು ಭೀಷ್ಮನದು, ಆದರೆ ಕಥೆ ನಡೆಯುವುದು ಅಂಬೆಯಿಂದ.

ಕಥೆ ನಿಮಗೆ ಗೊತ್ತಿದ್ದದ್ದೇ. ಕಾಶಿರಾಜನಿಗೆ ಮೂವರು ಹೆಣ್ಣುಮಕ್ಕಳು: ಅಂಬೆ, ಅಂಬಿಕೆ, ಅಂಬಾಲಿಕೆ. ಹಿರಿಯವಳು ಅಂಬೆ ತಂದೆಗೆ ತಿಳಿಯದ ಹಾಗೆ ಸಾಲ್ವರಾಜನನ್ನು ಮನಸ್ಸಿನಲ್ಲಿ ವರಿಸಿದ್ದಳು. ಸ್ವಯಂವರಕ್ಕೆ ನುಗ್ಗಿದ ಭೀಷ್ಮ, ತಮ್ಮ ವಿಚಿತ್ರವೀರ್ಯನಿಗಾಗಿ ಮೂವರನ್ನೂ ರಥದಲ್ಲಿ ಕೂರಿಸಿಕೊಂಡು ಹೊರಟ. ಅಡ್ಡ ಬಂದ ಸಾಲ್ವ ಸೋತ. ಹಸ್ತಿನಾವತಿಯಲ್ಲಿ ಅಂಬೆ ನಿಜ ಹೇಳಿದಳು. ಭೀಷ್ಮ ಅವಳನ್ನು ಸಾಲ್ವನ ಬಳಿಗೆ ಕಳಿಸಿಕೊಟ್ಟ. ಬೇರೆಯವನು ಗೆದ್ದು ಒಯ್ದವಳು ತನಗೆ ಬೇಡವೆಂದ ಸಾಲ್ವ. ಇತ್ತ ಭೀಷ್ಮನಿಗೆ ಬ್ರಹ್ಮಚರ್ಯದ ಪ್ರತಿಜ್ಞೆ. ಅವಳಿಗೆ ನಿಲ್ಲಲು ಒಂದು ಹೊಸ್ತಿಲೂ ಉಳಿಯಲಿಲ್ಲ.

ವ್ಯಾಸಭಾರತದಲ್ಲಿ ಈ ಕಥೆ ಆದಿಪರ್ವದಲ್ಲಿ ಚಿಕ್ಕದಾಗಿ, ಉದ್ಯೋಗಪರ್ವದಲ್ಲಿ ವಿಸ್ತಾರವಾಗಿ ಬರುತ್ತದೆ. ಉದ್ಯೋಗಪರ್ವದಲ್ಲಿ ಇದನ್ನು ಹೇಳುವವನು ಸ್ವತಃ ಭೀಷ್ಮ. ಶಿಖಂಡಿಯ ಮೇಲೆ ಯಾಕೆ ಬಾಣ ಬಿಡುವುದಿಲ್ಲ ಎಂದು ದುರ್ಯೋಧನ ಕೇಳಿದಾಗ ಕೊಟ್ಟ ಉತ್ತರ ಅದು. ಅಂದರೆ ಅಂಬೆಯ ದುಃಖ ನಮ್ಮ ಕಿವಿಗೆ ಬಿದ್ದಿರುವುದು, ಅದಕ್ಕೆ ಕಾರಣನಾದವನ ಬಾಯಿಂದಲೇ.

ಆ ಭಾಗದಲ್ಲಿ ಒಂದು ಸಂಗತಿ ನಮ್ಮನ್ನು ತುಂಬಾ ಕಾಡಿತು. ಸಾಲ್ವನ ಊರಿಂದ ಹೊರಬಿದ್ದ ಅಂಬೆ, ತಪ್ಪು ಯಾರದೆಂದು ಲೆಕ್ಕ ಹಾಕುತ್ತಾಳೆ. ಮೊದಲು ಕಾಣುವುದು ತನ್ನದೇ ತಪ್ಪು: ಸಾಲ್ವ ಕಾದಾಡುತ್ತಿದ್ದಾಗ ತಾನು ರಥದಿಂದ ಹಾರಿಬಿಡಬೇಕಿತ್ತು! ಆಮೇಲೆ ಪಣವಿಟ್ಟ ತಂದೆ, ಕೈಬಿಟ್ಟ ಸಾಲ್ವ, ಬರೆದ ವಿಧಿ ಎಲ್ಲರನ್ನೂ ಬೈದು, ಕೊನೆಗೆ ಮೂಲ ಕಾರಣ ಭೀಷ್ಮನೇ ಎಂಬಲ್ಲಿಗೆ ಬರುತ್ತಾಳೆ. ಏನೂ ತಪ್ಪು ಮಾಡದವಳೇ ತಪ್ಪಿತಸ್ಥರ ಪಟ್ಟಿಯಲ್ಲಿ ತನ್ನ ಹೆಸರನ್ನು ಮೊದಲು ಬರೆದುಕೊಳ್ಳುವುದು ಇಂದಿಗೂ ಹಳ್ಳಿಯ ಮನೆಗಳಿಗೆ ಹೊಸತಲ್ಲ.

ಇಂಗ್ಲಿಷ್ ರಂಗಭೂಮಿಯಲ್ಲೂ ಇಂಥವಳೊಬ್ಬಳಿದ್ದಾಳೆ. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಒಫೀಲಿಯಾ ಅಪ್ಪ, ಅಣ್ಣ, ಪ್ರಿಯಕರ ಎಲ್ಲರ ಮಾತಿಗೂ ಸಿಕ್ಕಿ, ಹುಚ್ಚು ಹಿಡಿದು ನೀರಿನಲ್ಲಿ ಮುಳುಗುತ್ತಾಳೆ. ಅಂಬೆ ಹಾಗೆ ಮುಳುಗಲಿಲ್ಲ. ಪರಶುರಾಮನನ್ನೇ ಕರೆತಂದಳು. ಕುರುಕ್ಷೇತ್ರದಲ್ಲಿ 23 ದಿನ ಯುದ್ಧವಾಯಿತು, ಭೀಷ್ಮ ಸೋಲಲಿಲ್ಲ. ಅವಳು ತಪಸ್ಸಿಗೆ ಕೂತಳು. ಅರ್ಧ ದೇಹ ಮಳೆಗಾಲದಲ್ಲಿ ಮಾತ್ರ ಹರಿಯುವ ನದಿಯಾಯಿತೆಂದು ಭಾರತ ಹೇಳುತ್ತದೆ. ಉಳಿದರ್ಧ ಚಿತೆಯೇರಿ, ಶಿಖಂಡಿಯಾಗಿ ಹುಟ್ಟಿ ಬಂತು.

ಶೇಕ್ಸ್‌ಪಿಯರನ ಕಾಲದಲ್ಲಿ ಒಫೀಲಿಯಾ ಆಗುತ್ತಿದ್ದವರು ಹುಡುಗರು. ಅಲ್ಲಿನ ರಂಗಕ್ಕೆ ನಟಿಯರು ಬಂದದ್ದು 1660ರ ಸುಮಾರಿಗೆ. ನಮ್ಮಲ್ಲಿ ಅದು ಇನ್ನೂ ತಡ. ಘಟ್ಟದ ಕೆಳಗೆ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದಾಗಲೂ ಹೆಣ್ಣುವೇಷ ಗಂಡಸರದೇ ಆಗಿತ್ತು. ತಾಳಮದ್ದಲೆಯಲ್ಲಂತೂ ವೇಷವೂ ಇಲ್ಲ. ಪಂಚೆ ಉಟ್ಟು, ಶಾಲು ಹೊದ್ದ ಗಂಡಸು ಬರೀ ಮಾತಿನಿಂದ ಅಂಬೆಯಾಗಬೇಕು. ಎಷ್ಟೋ ಹಿರಿಯರು ಹಾಗೆ ಆಗಿ ಸಭೆಯ ಕಣ್ಣು ಒದ್ದೆ ಮಾಡಿದ್ದಾರೆ. ಈಗ ಮಹಿಳಾ ತಾಳಮದ್ದಲೆ ತಂಡಗಳೂ ಇವೆ. ಹೆಣ್ಣುಮಕ್ಕಳೇ ಅಂಬೆಯ ಅರ್ಥ ಹೇಳುತ್ತಾರೆ, ಭೀಷ್ಮನದೂ ಹೇಳುತ್ತಾರೆ.

ತಾಳಮದ್ದಲೆಯ ಗುಣವೇ ಇದು: ಪದ ಹಳೆಯದು, ಅರ್ಥ ಅಂದಂದಿನದು. ಭೀಷ್ಮನಿಗೆ ಪ್ರತಿಜ್ಞೆ, ಸಾಲ್ವನಿಗೆ ಮಾನ, ತಂದೆಗೆ ಸ್ವಯಂವರದ ಪಣ, ಹೀಗೆ ಎಲ್ಲರಿಗೂ ಒಂದೊಂದು ಧರ್ಮದ ಮಾತು ಸಿಗುತ್ತದೆ. ರಥ ಹತ್ತಿಸುವ ಮೊದಲು ‘ನಿನ್ನ ಮನಸ್ಸಿನಲ್ಲಿ ಏನಿದೆ ಮಗಳೇ?’ ಎಂದು ಒಬ್ಬರೂ ಕೇಳಿರಲಿಲ್ಲ. ಕೇಳಿದ್ದರೆ ಈ ಪ್ರಸಂಗವೇ ಇರುತ್ತಿರಲಿಲ್ಲ.

ಈ ಮಳೆಗಾಲ ನಿಮ್ಮೂರಲ್ಲಿ ‘ಭೀಷ್ಮ ವಿಜಯ’ ಇದ್ದರೆ, ಭೀಷ್ಮನ ಪೀಠಿಕೆ ಮುಗಿಯಿತೆಂದು ಚಹಾಕ್ಕೆ ಏಳಬೇಡಿ. ಅಂಬೆ ಮಾತಾಡುವವರೆಗೆ ಕೂತಿರಿ. ಮನೆಯಲ್ಲಿ ಮದುವೆಗೆ ಬಂದ ಹುಡುಗಿಯಿದ್ದರೆ, ಅವಳ ಮಾತನ್ನೂ ಒಮ್ಮೆ ಕೇಳಿ.