ನಾಳ್ಗಾವುಂಡನಿಂದ ನಾಡಗೌಡನವರೆಗೆ

ಗೌಡ ಎಂದರೆ ಇಂದು ಹೆಸರಿನ ಕೊನೆಗೆ ಬರುವ ಪದ. ಮೊದಲು ಅದೊಂದು ಅಧಿಕಾರ. ಶಾಸನಗಳಲ್ಲಿ ಗಾಮುಂಡ, ಗಾವುಂಡ ಎಂದಿದ್ದದ್ದು ಸವೆದು ಗೌಂಡ, ಗೌಡ ಆಯಿತು. ಊರಿಗೆ ಊರಗಾವುಂಡ, ಹಲವು ಊರುಗಳ ನಾಡಿಗೆ ನಾಳ್ಗಾವುಂಡ. ಕಂದಾಯ ಎತ್ತುವುದು, ವ್ಯಾಜ್ಯ ತೀರಿಸುವುದು, ದಂಡು ಬಂದಾಗ ಆಳುಗಳನ್ನು ಕೂಡಿಸುವುದು ಅವನ ಹೊಣೆ.

ಇಂಥ ನಾಳ್ಗಾವುಂಡರಲ್ಲಿ ನನಗೆ ತುಂಬ ಮುಖ್ಯವೆನಿಸುವುದು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಕಡೆಯ ಜಕ್ಕಿಯಬ್ಬೆ. 10ನೇ ಶತಮಾನದ ಆರಂಭದಲ್ಲಿ, ನಾಗರಖಂಡ ಎಪ್ಪತ್ತು ಎಂಬ ನಾಡಿನ ನಾಳ್ಗಾವುಂಡನಾಗಿದ್ದ ಗಂಡ ತೀರಿಕೊಂಡ ಮೇಲೆ ಆ ಅಧಿಕಾರ ಅವಳಿಗೇ ಬಂತು. ಅವಳು ಅದನ್ನು ಸಮರ್ಥವಾಗಿ ನಡೆಸಿದಳೆಂದು ಶಾಸನ ಹೊಗಳುತ್ತದೆ. ಕೊನೆಗೆ ಮಗಳಿಗೆ ಹೊಣೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಉಪವಾಸದಿಂದ ದೇಹ ಬಿಡುವ ಸಲ್ಲೇಖನ ವ್ರತ ಕೈಗೊಂಡಳು.

ನಮ್ಮ ದೇವನಹಳ್ಳಿ ಸೀಮೆಯಲ್ಲಿ ಇದೇ ಪದವಿ ಆವತಿಯ ನಾಡಪ್ರಭುಗಳ ಕೈಯಲ್ಲಿ ಬೆಳೆಯಿತು. ಆ ವಂಶದ ಮಲ್ಲಬೈರೇಗೌಡ 1501ರಲ್ಲಿ ದೇವನಹಳ್ಳಿ ಕೋಟೆ ಕಟ್ಟಿಸಿದ. ಬೆಂಗಳೂರಿನ ಕೆಂಪೇಗೌಡರ ಮೂಲವೂ ಆವತಿಯೇ. ಮೈಸೂರು ಸಂಸ್ಥಾನದ ಹೊತ್ತಿಗೆ ಊರ ಮಟ್ಟದಲ್ಲಿ ಪಟೇಲ, ಶಾನುಭೋಗ ಎಂಬ ಹೆಸರುಗಳು ನೆಲೆಯೂರಿದ್ದವು. ತಂದೆಯಿಂದ ಮಗನಿಗೆ ಇಳಿಯುತ್ತಿದ್ದ ಆ ಹುದ್ದೆಗಳನ್ನು 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ತೆಗೆದುಹಾಕಿತು. ಆಡಳಿತದ ಘಟಕವಾಗಿದ್ದ ‘ನಾಡು’ ಮಾತ್ರ ಹೋಬಳಿಯ ನಾಡಕಚೇರಿಯಲ್ಲಿ ಇನ್ನೂ ಬಳಕೆಯಲ್ಲಿದೆ.