ಬಾಸೆಲ್ಲಿನ ಚಿಲ್ಲರೆ ಕಾಸು, ಮಂಗಳೂರಿನ ಹಂಚು

ಗುತ್ತಲ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಹಳೆಯ ಮನೆಗಳ ನೆತ್ತಿಯ ಮೇಲೆ ಮುಖ್ಯವಾಗಿ ಎರಡು ಬಗೆಯ ಹೊದಿಕೆ ಕಾಣುತ್ತದೆ. ಒಂದು ಮಣ್ಣಿನ ಮಾಳಿಗೆ, ಇನ್ನೊಂದು ಮಂಗಳೂರು ಹಂಚು. ಮಾಳಿಗೆಯ ಮಣ್ಣು ಊರಿನದೇ. ಹಂಚಿನ ಹಿಂದೆ ಮಾತ್ರ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮನೆಮನೆಗಳಿಂದ ಕೂಡಿದ ಚಿಲ್ಲರೆ ಕಾಸಿನ ಕಥೆಯಿದೆ.

ಚಂದಾ ಎತ್ತಿ, ಬಡ ದೇಶಗಳಿಗೆ ಹೋಗಿ, ಅಲ್ಲಿನ ಸಣ್ಣ ಕಸುಬುದಾರರಿಗೆ ನೆರವಾಗುವುದು ಇಂದು ಜಗತ್ತಿನ ಅನೇಕ ಯುವಜನರ ಹಂಬಲ. ಅಮೆರಿಕ ಸರ್ಕಾರ 1961ರಲ್ಲಿ ಆರಂಭಿಸಿದ ‘ಪೀಸ್ ಕೋರ್’ ಇಂಥ ಸೇವೆಗೆ ಹೆಸರಾಯಿತು. ಅದರ ಸ್ವಯಂಸೇವಕರು ಭಾರತದಲ್ಲೂ 1976ರವರೆಗೆ ದುಡಿದರು. ಆದರೆ ಕನ್ನಡ ನಾಡು ಈ ಬಗೆಯ ನೆರವನ್ನೂ ಅದರ ಇತಿಮಿತಿಯನ್ನೂ ಅದಕ್ಕಿಂತ ಶತಮಾನಕ್ಕೂ ಮೊದಲೇ ಕಂಡಿತ್ತು.

ಬಾಸೆಲ್ ಮಿಷನ್ ಸ್ಥಾಪನೆಯಾದದ್ದು 1815ರಲ್ಲಿ. ಅದರ ಮೊದಲ ಮೂವರು ಪಾದ್ರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿಯಲ್ಲಿ ಕೇಂದ್ರಗಳು ತೆರೆದವು. ಹಾವೇರಿ ಮತ್ತು ಗದಗ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅಲ್ಲಿಯವರೆಗೆ ಇವೆಲ್ಲ ಧಾರವಾಡ ಜಿಲ್ಲೆಯ ಊರುಗಳೇ.

ಅವರು ಬಂದದ್ದು ಧರ್ಮಪ್ರಚಾರಕ್ಕೆ, ಕಾರಖಾನೆ ಕಟ್ಟಲು ಅಲ್ಲ. ಮತಾಂತರಗೊಂಡವರನ್ನು ಜಾತಿಯವರು ಹೊರಗಿಟ್ಟಾಗ ಅವರ ಕಸುಬೂ ಹೋಯಿತು, ಗಿರಾಕಿಗಳೂ ಹೋದರು. ಅವರ ಹೊಟ್ಟೆಪಾಡಿನ ಹೊಣೆ ಮಿಷನ್ನಿನ ತಲೆಯ ಮೇಲೆ ಬಿತ್ತು. ಗದಗದ ಸಮೀಪದ ಮಲಸಮುದ್ರದಲ್ಲಿ 1841ರಲ್ಲಿ ಬೇಸಾಯದ ವಸಾಹತು ಮಾಡಲು ಹೊರಟರು, ಅದು ನೆಲೆಯೂರಲಿಲ್ಲ. ಮಂಗಳೂರಿನಲ್ಲಿ ಗಡಿಯಾರ ತಯಾರಿಕೆಯಂಥ ಕಸುಬುಗಳನ್ನು ಕಲಿಸಿ ನೋಡಿದರು, ಅವೂ ಬಾಳಲಿಲ್ಲ. ಊರಿಗೆ ಬೇಡದ ಕಸುಬನ್ನು ಎಷ್ಟೇ ಶ್ರದ್ಧೆಯಿಂದ ಕಲಿಸಿದರೂ ಅದು ಅನ್ನ ಕೊಡುವುದಿಲ್ಲ ಎಂಬ ಪಾಠ ಅವರಿಗೆ ಸಿಕ್ಕಿದ್ದು ಹೀಗೆ.

<b>ವಾರಕ್ಕೊಂದು ನಾಣ್ಯ</b>

ಇದಕ್ಕೆಲ್ಲ ಹಣ ಎಲ್ಲಿಂದ? ಸಾಲದ ಹೊರೆಯಲ್ಲಿದ್ದ ಮಿಷನ್ನಿಗೆ 1855ರಲ್ಲಿ ಬಾಸೆಲ್ಲಿನ ರೇಷ್ಮೆ ಪಟ್ಟಿ ಉದ್ಯಮಿ ಕಾರ್ಲ್ ಸರಾಸಿನ್ ಒಂದು ದಾರಿ ತೋರಿಸಿದರು. ದೊಡ್ಡ ದಾನಿಗಳಿಗಾಗಿ ಕಾಯುವ ಬದಲು ಪ್ರತಿಯೊಬ್ಬರೂ ವಾರಕ್ಕೆ ಅರ್ಧ ‘ಬಾಟ್ಸೆನ್’, ಅಂದರೆ ಐದು ಸೆಂಟೀಮ್ ಕೊಡಬೇಕು. ಕೂಲಿಯವರು, ಮನೆಗೆಲಸದವರು ಕೂಡ ಕೊಡಬಲ್ಲ ಮೊತ್ತ ಅದು. ಚಂದಾ ಎತ್ತುವವರು ಮನೆಮನೆಗೆ ಹೋಗಿ ವಸೂಲಿ ಮಾಡುತ್ತಿದ್ದರು. ಈ ಸಂಗ್ರಹ ಮಿಷನ್ನಿನ ಸ್ಥಿರ ಆದಾಯಗಳಲ್ಲಿ ಒಂದಾಯಿತು.

ಆದರೆ ಕಾರಖಾನೆಗಳು ಚಂದಾ ಹಣದಲ್ಲಿಯೇ ಬದುಕಿರಬಾರದು, ಸ್ವಂತ ಕಾಲ ಮೇಲೆ ನಿಲ್ಲಬೇಕು ಎಂಬ ಎಚ್ಚರವೂ ಅಲ್ಲಿತ್ತು. 1859ರಲ್ಲಿ ಷೇರು ಬಂಡವಾಳದ ಪ್ರತ್ಯೇಕ ವ್ಯಾಪಾರ ಕಂಪನಿ ಹುಟ್ಟಿತು. ಷೇರುದಾರರಿಗೆ ಮಿತವಾದ ಲಾಭಾಂಶ, ಉಳಿದ ಲಾಭದಲ್ಲಿ ಮಿಷನ್ನಿಗೆ ಪಾಲು ಎಂಬುದು ಅದರ ಕ್ರಮ.

ಯಶಸ್ಸು ಬಂದದ್ದು ಊರಿಗೆ ಬೇಕಾದ ವಸ್ತುಗಳಿಂದ. 1851ರಲ್ಲಿ ಮಂಗಳೂರಿಗೆ ಬಂದ ನೇಕಾರ ಹಾಲರ್ ಸುಧಾರಿತ ಮಗ್ಗಗಳನ್ನು ತಂದ. ಖಾಕಿ ಬಣ್ಣದ ಬಟ್ಟೆಯ ಹೆಸರೂ ಅವನ ನೇಯ್ಗೆ ಶಾಲೆಯೊಂದಿಗೆ ತಳಕು ಹಾಕಿಕೊಂಡಿದೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರಖಾನೆ ತೆರೆದ. ಆತ ಮೊದಲು ದುಡಿದದ್ದು ಮಿಷನ್ನಿನ ಮುದ್ರಣಾಲಯದಲ್ಲಿ. ನದೀ ದಡದ ಜೇಡಿಮಣ್ಣು, ಹತ್ತಿರದ ಕಾಡಿನ ಸೌದೆ, ಸಾಗಿಸಲು ಬಂದರು, ಹುಲ್ಲಿನ ಮಾಡಿಗೆ ಬೆಂಕಿ ತಗಲುವ ಭಯದಲ್ಲಿದ್ದ ಗಿರಾಕಿಗಳು, ಎಲ್ಲವೂ ಕೂಡಿಬಂದವು. 1868ರಲ್ಲಿಯೇ ಪಾಸ್ಕಲ್ ಆಲ್ಬುಕರ್ಕ್ ಪಾಣೆಮಂಗಳೂರಿನಲ್ಲಿ ಭಾರತೀಯ ಒಡೆತನದ ಹಂಚಿನ ಕಾರಖಾನೆ ಆರಂಭಿಸಿದರು. ಹೊರಗಿನವರು ತಂದ ವಿದ್ಯೆ ಊರಿನವರ ಕೈಗೆ ಬರಲು ಮೂರೇ ವರ್ಷ ಸಾಕಾಯಿತು.

<b>ಒಡೆತನದ ಪ್ರಶ್ನೆ</b>

ಮಿಷನ್ನಿನ ಕಾರಖಾನೆಗಳ ಒಡೆತನ ಮಾತ್ರ ಬಾಸೆಲ್ಲಿನಲ್ಲಿಯೇ ಉಳಿಯಿತು. ಕೆಲಸಗಾರರಿಗೆ ಕೂಲಿ ಇತ್ತು, ಶಿಸ್ತೂ ಇತ್ತು, ಆಡಳಿತದಲ್ಲಿ ಮಾತಿರಲಿಲ್ಲ. ಒಬ್ಬನೇ ಧಣಿ, ಒಬ್ಬನೇ ಗುರು. ಕೆಲಸ ಬಿಟ್ಟರೆ ಸಭೆಯನ್ನೂ ಎದುರು ಹಾಕಿಕೊಂಡಂತೆ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಇದರ ಅಪಾಯ ಬಯಲಾಯಿತು. ಪಾದ್ರಿಗಳಲ್ಲಿ ಬಹುಮಂದಿ ಜರ್ಮನರು. ಬ್ರಿಟಿಷ್ ಸರ್ಕಾರ ಅವರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಕಾರಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಹಂಚು ಸುಡುತ್ತಿದ್ದ ಕೈಗಳು ಅವೇ, ಒಡೆಯ ಬದಲಾದ.

ಯುದ್ಧಕ್ಕೆ ಒಂಬತ್ತು ವರ್ಷ ಮೊದಲು ಗದಗ ತಾಲೂಕಿನ ಕಣಗಿನಹಾಳದಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. 1904ರ ಸಹಕಾರಿ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಸಾವಕಾರನ ಬಡ್ಡಿಯಿಂದ ಪಾರಾಗಲು ಊರಿನವರೇ ಕೂಡಿಸಿದ ಹಣ, ಊರಿನವರದೇ ಲೆಕ್ಕ. ದೇಶದ ಸಹಕಾರಿ ಚಳವಳಿಗೆ ಇದು ನಾಂದಿಯೆಂದು ಹೆಸರಾಯಿತು.

ಬಾಸೆಲ್ಲಿನ ಕೂಲಿಕಾರನ ಐದು ಸೆಂಟೀಮ್ ಆಗಲಿ, ಕಣಗಿನಹಾಳದ ರೈತನ ಪಾಲುಹಣವಾಗಲಿ ಸಣ್ಣದಲ್ಲ. ಎರಡೂ ದುಡಿಮೆಯ ಹಣವೇ. ಒಂದು ಹೊಸ ವಿದ್ಯೆಯನ್ನು ತಂದಿತು, ಇನ್ನೊಂದು ಹಣದ ಮೇಲಿನ ಹಕ್ಕನ್ನು ಊರಿಗೆ ಕೊಟ್ಟಿತು. ಪರದೇಶಕ್ಕೆ ನೆರವು ಹೊತ್ತು ಹೊರಡುವವರು ಇಂದಿಗೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೆ: ತಾವು ಮರಳಿ ಬಂದ ಮೇಲೆ ಕೀಲಿಕೈ ಯಾರ ಬಳಿ ಇರುತ್ತದೆ?